ಕೆಂಪು ಚುಕ್ಕೆಯ ಜೇಡ

ಜೇಡದ ಫೋಟೊ ನನ್ನ ಫೋನಿಗೆ ಬಂದಾಗ ನಾನು ಚೆಕಿಂಗ್ ಟೇಬಲ್ಲಿನ ಮುಂದೆ ಒಂದು ಶರ್ಟಿನ ಕಾಲರ್ ಹಿಡಿದುಕೊಂಡು ನಿಂತಿದ್ದೆ. ಗಾರ್ಮೆಂಟ್ಸಿನಲ್ಲಿ ನನ್ನ ಕೆಲಸ ಹೊಲಿಯುವುದಲ್ಲ, ಹೊಲಿದಿದ್ದರಲ್ಲಿ ತಪ್ಪು ಹುಡುಕುವುದು. ಹದಿಮೂರು ವರ್ಷದಿಂದ ಬೇರೆಯವರ ತಪ್ಪಿನ ಮೇಲೆ ಪುಟ್ಟ ಕೆಂಪು ಸ್ಟಿಕರ್ ಅಂಟಿಸುತ್ತಾ ಬಂದಿದ್ದೇನೆ. ನಮ್ಮ ಮನೆಯಲ್ಲಿ ನನ್ನೆದುರಿಗೆ ಯಾರೂ ತಪ್ಪು ಮಾಡುವುದಿಲ್ಲ, ಮಾಡುವುದೆಲ್ಲ ನನ್ನ ಬೆನ್ನ ಹಿಂದೆ ಅಂತ ನಮ್ಮತ್ತೆ ಹೇಳುತ್ತಿರುತ್ತಾರೆ.

ಫೋಟೊ ಬಂದದ್ದು ಕಟ್ಟಡದ ಗ್ರೂಪಿನಲ್ಲಿ. ನಾವಿರುವುದು ನಾಲ್ಕು ಮಹಡಿ, ಹದಿನಾರು ಮನೆಗಳ ಹಳೇ ಕಟ್ಟಡ. ಫೋಟೊದಲ್ಲಿ, ಕೆಳಗಡೆ ಮೆಟ್ಟಿಲ ಪಕ್ಕದ ಗೋಡೆಯಲ್ಲಿರುವ ಕರೆಂಟ್ ಮೀಟರಿನ ಪೆಟ್ಟಿಗೆ, ಅದರೊಳಗೆ ಸಿಕ್ಕುಸಿಕ್ಕಾದ ಬಲೆ, ಬಲೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಕಪ್ಪು ಜೇಡ. ಅದರ ಬೆನ್ನಿಗೆ ಕಡುಗೆಂಪು ಚುಕ್ಕೆ. ಕೆಳಗೆ ಕಟ್ಟಡದ ಸೆಕ್ರೆಟರಿ ಬರೆದಿದ್ದರು: "ಇದು ಅತ್ಯಂತ ವಿಷಕಾರಿ ಜೇಡ. ನೆಟ್‌ನಲ್ಲಿ ಹೋಲಿಸಿ ನೋಡಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಮನೆಗಳಿಗೂ ಔಷಧಿ ಹೊಡೆಸಲಾಗುವುದು. ಬಾಗಿಲು ತೆರೆದಿಟ್ಟು ಸಹಕರಿಸಿ." ಅದಕ್ಕೆ ಆಗಲೇ ಹನ್ನೊಂದು ಮನೆಯವರು ಹೆಬ್ಬೆಟ್ಟೆತ್ತಿದ್ದರು.

ನನ್ನ ಕಣ್ಣು ಜೇಡದ ಮೇಲೆ ನಿಲ್ಲಲಿಲ್ಲ. 'ಔಷಧಿ' ಅನ್ನುವ ಮಾತಿನ ಮೇಲೆ ನಿಂತಿತು.

ಹೋದ ವರ್ಷ ಜಿರಳೆಗೆ ಅಂತ ಹೊಡೆಸಿದ್ದರು. ಹೇಳಿದಷ್ಟು ಹೊತ್ತು ಹೊರಗಿದ್ದೆವು. ವಾಪಸು ಬಂದು ಕಿಟಕಿಯೆಲ್ಲ ತೆಗೆದೆ, ನೆಲವನ್ನು ಎರಡು ಸಲ ಒರೆಸಿದೆ, ಆಮೇಲೇ ಮಗಳನ್ನು ಒಳಗೆ ಬಿಟ್ಟೆ. ಸಂಜೆಯೊಳಗೆ ಅವಳ ಎದೆ ಸೀಟಿ ಹೊಡೆಯತೊಡಗಿತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದು ಒಳಕ್ಕೆ ಸೇದಿಕೊಳ್ಳುತ್ತಿತ್ತು. ಬಾಯಿಗಿಟ್ಟು ಎಳೆಯುವ ಉಬ್ಬಸದ ಪಂಪಿಗೂ ಬಗ್ಗಲಿಲ್ಲ. ಮೂರು ದಿನ ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಿದ್ದಳು, ಎಂಟು ವರ್ಷದ ಹುಡುಗಿ. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನೊಂದು ಸಲ ಇದು ಆಗಬಾರದು" ಅಂದರು. ಆಗಿಬಿಟ್ಟರೆ ಏನಾಗುತ್ತದೆ ಅಂತ ನಾನು ಕೇಳಲಿಲ್ಲ. ಅವರ ಮುಖ ನೋಡಿದ ಮೇಲೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಆವತ್ತು ಗುರುವಾರ. ಶಿಫ್ಟ್ ಮುಗಿದದ್ದೇ ಬ್ಯಾಗು ಕೂಡ ಇಳಿಸದೆ ನೇರ ನಾಲ್ಕನೇ ಮಹಡಿ ಹತ್ತಿದೆ. ಸೆಕ್ರೆಟರಿಯವರು ಕೆಲಸದಿಂದ ನಿವೃತ್ತರಾದ ದಿನ ಅಲ್ಲಿಯ ಖುರ್ಚಿ ಬಿಟ್ಟರೇ ಹೊರತು ಗತ್ತು ಬಿಟ್ಟು ಬರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು.

"ನೋಡಮ್ಮಾ, ಹದಿನಾರು ಮನೆ. ಒಬ್ಬಳ ಕೆಮ್ಮಿಗೋಸ್ಕರ ಹದಿನೈದು ಮನೆಯವರು ಜೀವ ಕೈಯಲ್ಲಿ ಹಿಡ್ಕೊಂಡು ಮಲಗಬೇಕಾ?"

"ಕೆಮ್ಮಲ್ಲ ಸರ್, ಉಬ್ಬಸ. ಹೋದ ಸಲ ಮೂರು ದಿನ ಆಸ್ಪತ್ರೆ..."

"ಹೋದ ಸಲ ಹವಾ ಸರಿ ಇರ್ಲಿಲ್ಲ. ಎಲ್ಲಾ ಮಕ್ಕಳಿಗೂ ಏನಾದ್ರೊಂದು ಆಗ್ತಾನೇ ಇತ್ತು."

"ಎಲ್ಲಾ ಮಕ್ಕಳೂ ಆಕ್ಸಿಜನ್ ಹಾಕಿಸ್ಕೊಂಡು ಮಲಗಿರ್ಲಿಲ್ಲ ಸರ್."

"ಸರಿ, ಹಾಗಾದ್ರೆ ನೀವೇ ಹೇಳಿ, ಈ ವಿಷದ ಹುಳಾನ ಏನು ಮಾಡೋಣ? ಶಾಲು ಹೊದಿಸಿ ಸನ್ಮಾನ ಮಾಡೋಣ್ವಾ?"

"ಅದು ವಿಷದ್ದು ಅಂತ ಯಾರು ಹೇಳಿದ್ದು?"

"ಕಣ್ಣಿಗೆ ಕಾಣ್ತಿಲ್ವೇನಮ್ಮಾ? ಕಪ್ಪು ಮೈ, ಕೆಂಪು ಚುಕ್ಕೆ!" ಫೋನನ್ನು ನನ್ನ ಮೂಗಿನ ತನಕ ತಂದರು. "ವಿಷದ್ದಲ್ಲ ಅಂತ ನೀವು ತೋರಿಸ್ಬಿಡಿ, ನಾನೇ ಆ ಔಷಧಿಯವನಿಗೆ ಫೋನ್ ಮಾಡಿ ಬೇಡ ಅಂತೀನಿ. ಆಯ್ತಾ?"

ಅವರು ಹೇಳಿದ್ದು ತಮಾಷೆಗೆ. ನಾನು ತೆಗೆದುಕೊಂಡದ್ದು ಹಾಗಲ್ಲ.

"ಆಯ್ತು ಸರ್. ಮಾತು ಮಾತೇ" ಅಂದು ಇಳಿದು ಬಂದೆ.

ನಮ್ಮ ಮನೆ ಎರಡನೇ ಮಹಡಿಯಲ್ಲಿ. ಇರುವುದು ನಾನು, ನಮ್ಮತ್ತೆ, ಮಗಳು ಚೂಟಿ. ಅವಳಪ್ಪ ದೂರದೂರಿಗೆ ಲಾರಿ ಓಡಿಸುವವರು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಾರೆ, ಅದರಲ್ಲಿ ಎರಡು ದಿನ ನಿದ್ದೆಯಲ್ಲಿ. ಫೋನಿನಲ್ಲಿ ವಿಷಯ ಹೇಳಿದರೆ, "ನೀನು ಜಿರಳೆ ಕಂಡ್ರೇ ಮಂಚ ಹತ್ತೋಳು. ಜೇಡದ ಹತ್ತಿರ ಹೋಗಿ ಏನು ಕೇಳ್ತೀಯ, ಆಧಾರ್ ಕಾರ್ಡಾ?" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಬಾಗಿಲು ತೆಗೀಬೇಡ. ಯಾರೇ ಬರ್ಲಿ" ಅಂದರು.

ಚೂಟಿಯ ಹತ್ತಿರ ಶಾಲೆಯ ಲೈಬ್ರರಿಯಿಂದ ತಂದ ಹುಳುಹುಪ್ಪಟೆಗಳ ಪುಸ್ತಕ ಇತ್ತು. ಎರಡು ವಾರದಿಂದ ಅದನ್ನು ಎದೆಗವಚಿಕೊಂಡೇ ಓಡಾಡುತ್ತಿದ್ದಳು. ಕೇಳಿದ ತಕ್ಷಣ ಕೊಟ್ಟಳು. ಕೊಟ್ಟವಳು ಅಲ್ಲಿ ನಿಲ್ಲಲಿಲ್ಲ. ಒಂದು ಕೇಳಿದರೆ ಮೂರು ಹೇಳುವ ಹುಡುಗಿ ಆವತ್ತು ಬೇಗ ಹೋಗಿ ಹೊದ್ದುಕೊಂಡು ಮಲಗಿಬಿಟ್ಟಳು. ಔಷಧಿ ಅಂದದ್ದಕ್ಕೆ ಹೆದರಿದ್ದಾಳೆ ಅಂದುಕೊಂಡೆ.

ಪುಸ್ತಕದಲ್ಲಿ ವಿಷದ ಜೇಡಕ್ಕೆ ಒಂದು ಇಡೀ ಪುಟ ಇತ್ತು. ಅದರ ಮೈ ಎಣ್ಣೆ ಸವರಿದ ಹಾಗೆ ಹೊಳೆಯುವ ಕಪ್ಪು. ಬೆನ್ನ ಮೇಲೆ ಕೆಂಪು ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಮುಖ್ಯ ಗುರುತು ಇರುವುದು ಹೊಟ್ಟೆಯ ಅಡಿಭಾಗದಲ್ಲಿ, ಮರಳಿನ ಗಡಿಯಾರದ ಆಕಾರದ ಕೆಂಪು. ಎದುರು ಪುಟದಲ್ಲಿ ಇನ್ನೊಂದು ಜೇಡ. ಹೆಚ್ಚುಕಡಿಮೆ ಅದೇ ಮೈಕಟ್ಟು, ಅಂಥದೇ ಸಿಕ್ಕುಬಲೆ, ಅದೂ ತಲೆಕೆಳಗಾಗಿಯೇ ನೇತಾಡುವುದು. ಆದರೆ ಮೈ ಮಾಸಲು ಕಂದು, ಬಿಳಿ ಮಚ್ಚೆ, ಕಾಲುಗಳಿಗೆ ಪಟ್ಟೆ. ಮನೆಮೂಲೆಗಳಲ್ಲಿ ಎಲ್ಲೆಡೆ ಸಿಗುವಂಥದ್ದು, ಮನುಷ್ಯರಿಗೆ ಅಪಾಯವಿಲ್ಲ ಅಂತ ಬರೆದಿತ್ತು. ಎರಡನ್ನೂ ಜನ ಅದಲುಬದಲು ಮಾಡಿಕೊಳ್ಳುತ್ತಾರೆ ಅಂತಲೂ ಇತ್ತು.

ಸೆಕ್ರೆಟರಿ ಕೆಳಗಿನಿಂದ ಫೋಟೊ ತೆಗೆದಿದ್ದರು. ಜೇಡ ತಲೆಕೆಳಗಾಗಿ ನೇತಾಡುತ್ತಿದ್ದರೆ ಕೆಳಗಿನಿಂದ ಕಾಣುವುದು ಬೆನ್ನು. ಹೊಟ್ಟೆ ಯಾರೂ ನೋಡಿಯೇ ಇಲ್ಲ. ಬಟ್ಟೆಯ ಹೊರಮೈ ಮಾತ್ರ ನೋಡಿ ಪೀಸು ಪಾಸು ಮಾಡಿದರೆ ನಮ್ಮ ಲೈನಿನಲ್ಲಿ ಮಾರನೇ ದಿನ ಟೇಬಲ್ಲಿನ ಹತ್ತಿರಕ್ಕೂ ಬಿಡುವುದಿಲ್ಲ. ಒಳಮೈ ತಿರುಗಿಸಿ ನೋಡಲೇಬೇಕು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ನಾನು ಸ್ಟೂಲು ಎತ್ತಿಕೊಂಡೆ. ಅತ್ತೆ ಟಾರ್ಚ್ ಹಿಡಿದುಕೊಂಡರು. ಜೇಬಿನಲ್ಲಿ ನನ್ನ ಕೆಲಸದ ಗ್ಲಾಸು: ನೂಲೆಣಿಸುವುದಕ್ಕೆ ಇಟ್ಟುಕೊಳ್ಳುವ, ಮಡಚಿದರೆ ಬೆಂಕಿಪೊಟ್ಟಣದಷ್ಟಾಗುವ ಭೂತಗನ್ನಡಿ. ಅದರಲ್ಲಿ ಕಾಣಬೇಕಾದರೆ ನೋಡುವ ವಸ್ತು ಎರಡು ಬೆರಳು ದೂರದಲ್ಲಿರಬೇಕು. ಎರಡೇ ಬೆರಳು. ಸ್ಟೂಲು ಹತ್ತಿದ ಮೇಲೆ ನನಗೆ ಅದರ ಅರ್ಥ ಆದದ್ದು.

"ಏನೇ, ಕಾಲು ನಡುಗ್ತಾ ಇದೆ?" ಅಂದರು ಅತ್ತೆ.

"ಸ್ಟೂಲು ಅಲ್ಲಾಡ್ತಾ ಇದೆ ಅತ್ತೆ."

"ಸ್ಟೂಲನ್ನ ನಾನು ಹಿಡ್ಕೊಂಡಿದ್ದೀನಿ ಕಣೇ. ಅದು ಸರಿಯಾಗೇ ಇದೆ."

ಉಸಿರು ಬಿಗಿಹಿಡಿದು ಪೆಟ್ಟಿಗೆಯೊಳಗೆ ಮುಖ ಹಾಕಿದೆ. ಮೇಲಿನಿಂದ ಹೊಟ್ಟೆ ಕಾಣಿಸಿತು. ಅಂಗುಲ ಅಂಗುಲ ನೋಡಿದೆ ಅನ್ನೋಣವೆಂದರೆ ಅದಿದ್ದದ್ದೇ ಅರ್ಧ ಅಂಗುಲ. ಕೆಂಪು ಇಲ್ಲ. ಗಡಿಯಾರವೂ ಇಲ್ಲ, ಮುಳ್ಳೂ ಇಲ್ಲ. ಮೈ ಕಪ್ಪೂ ಅಲ್ಲ, ಹಳೇ ಗೋಣಿಚೀಲದ ಬಣ್ಣ, ಅಲ್ಲಲ್ಲಿ ಬಿಳಿ. ಕಾಲಿಗೆ ಸಾಕ್ಸಿನ ಹಾಗೆ ಪಟ್ಟೆ. ಫೋಟೊದ ಕಪ್ಪು ಬಂದದ್ದು ಪೆಟ್ಟಿಗೆಯ ಕತ್ತಲಿಂದ. ಜೇಡ ಒಂದು ಕಾಲೆತ್ತಿ ಮತ್ತೆ ಇಟ್ಟಿತು. ನಾನು ಕೂಗಲಿಲ್ಲ. ಇದನ್ನು ಬರೆದಿಡಬೇಕು, ನಾನು ಕೂಗಲಿಲ್ಲ.

ಇಳಿದು, ಮಂಡಿ ಬಗ್ಗಿಸಿ, ಕತ್ತು ಮುರಿದುಕೊಂಡು ಈಗ ಕೆಳಗಿನಿಂದ ಬೆನ್ನು ನೋಡಿದೆ. ಕೆಂಪು ಇದ್ದದ್ದು ನಿಜ. ಆದರೆ ಬಟ್ಟೆ ನೋಡುವವರಿಗೆ ಮೊದಲ ವಾರವೇ ಕಲಿಸುವ ಪಾಠ ಒಂದಿದೆ. ಬಣ್ಣ ನೂಲಿನ ಒಳಗಿದ್ದರೆ ಅದು ಡೈ, ನೂಲಿನ ಮೇಲೆ ಕೂತಿದ್ದರೆ ಅದು ಕಲೆ. ಜೇಡದ ಮೈಮೇಲೆ ಸಣ್ಣ ಸಣ್ಣ ರೋಮ. ಕೆಂಪು ಆ ರೋಮಗಳನ್ನು ಒಟ್ಟಿಗೆ ಅಂಟಿಸಿಕೊಂಡು ಮೇಲೆ ಕೂತಿತ್ತು. ಒಂದಂಚು ಸೀಳಿತ್ತು. ಅಷ್ಟೇ ಅಲ್ಲ, ಟಾರ್ಚಿನ ಬೆಳಕಿಗೆ ಮಿಣಮಿಣ ಮಿನುಗುತ್ತಿತ್ತು. ಮಿಂಚಿನ ಪುಡಿ!

ಗ್ಲಾಸು ಇಳಿಸಿದೆ. ತಲೆ ತಗ್ಗಿಸಿದಾಗ ಕಣ್ಣಿಗೆ ಬಿದ್ದದ್ದು ಅತ್ತೆಯ ಪಾದಗಳು. ಹತ್ತು ಉಗುರು, ಹತ್ತಕ್ಕೂ ಅದೇ ಕಡುಗೆಂಪು, ಅದೇ ಮಿಂಚು.

ನಿಧಾನಕ್ಕೆ ತಲೆಯೆತ್ತಿ ಅವರ ಮುಖ ನೋಡಿದೆ.

"ಏನೇ ಹಾಗೆ ನೋಡ್ತೀಯ? ಎಪ್ಪತ್ತಾದ ಮೇಲೆ ಉಗುರಿಗೆ ಬಣ್ಣ ಹಚ್ಕೋಬಾರದಾ?"

"ಹಚ್ಕೊಳ್ಳಿ ಅತ್ತೆ. ಜೇಡಕ್ಕೆ ಯಾಕೆ ಹಚ್ಚಿದ್ರಿ?"

"ನಾನ್ಯಾಕೆ ಹಚ್ಚಲೇ! ನನ್ನ ಕಾಲಿನ ಉಗುರೇ ನನ್ನ ಕೈಗೆ ಎಟುಕಲ್ಲ. ಚೂಟಿನೇ ಹಚ್ಕೊಡೋದು..." ಅಂದವರು ಅರ್ಧಕ್ಕೇ ನಿಲ್ಲಿಸಿದರು. ಇಬ್ಬರೂ ಒಟ್ಟಿಗೆ ಮೇಲಕ್ಕೆ ನೋಡಿದೆವು.

ಮೆಟ್ಟಿಲ ತಿರುವಿನಲ್ಲಿ ಚೂಟಿ ನಿಂತಿದ್ದಳು. ಕಣ್ಣ ತುಂಬ ನೀರು.

ಅವಳು ಹೇಳಿದ್ದು ಇಷ್ಟು. ಎರಡು ವಾರದಿಂದ ಆ ಜೇಡವನ್ನು ದಿನಾ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಸೋಮವಾರ ಇದೆ, ಮಂಗಳವಾರ ಇದೆ, ನೊಣ ತಿಂದಿತು, ಹೀಗೆ. ಆದರೆ ನಿನ್ನೆ ಕಂಡದ್ದೇ ಇವತ್ತು ಕಾಣುತ್ತಿರುವುದೋ, ಅದು ಹೋಗಿ ಇನ್ನೊಂದು ಬಂದಿದೆಯೋ, ಗೊತ್ತಾಗುವುದು ಹೇಗೆ? ಅದಕ್ಕೇ ಕಡ್ಡಿಯ ತುದಿಯಲ್ಲಿ ಒಂದೇ ಒಂದು ಚುಕ್ಕೆ.

"ನೀನೇ ಹೇಳಿದ್ದಲ್ವಾ ಅಮ್ಮಾ, ಗುರುತು ಹಾಕ್ದೇ ಬಿಟ್ಟ ಪೀಸು ರಾಶಿಯಲ್ಲಿ ಕಳೆದುಹೋಗುತ್ತೆ ಅಂತ."

ಹೇಳಿದ್ದೆ. ಹೋಮ್‌ವರ್ಕ್ ಮಾಡಿಸುವಾಗ, ತರಕಾರಿ ಹೆಚ್ಚುವಾಗ, ತಲೆ ಬಾಚುವಾಗ, ಫ್ಯಾಕ್ಟರಿಯ ಮಾತು ಬಿಟ್ಟರೆ ನನ್ನ ಬಾಯಲ್ಲಿ ಬೇರೆ ಏನು ಬರುತ್ತದೆ? ಬೇರೆ ಯಾವ ಮನೆಯ ಮಗುವೂ ಜೇಡಕ್ಕೆ ಗುರುತು ಹಾಕುತ್ತಿರಲಿಲ್ಲ. ಚೆಕರ್ ಮಗಳು ಹಾಕಿದಳು. ಬಯ್ಯಬೇಕು ಅಂತ ಬಾಯಿ ತೆಗೆದೆ, ಯಾರನ್ನು ಬಯ್ಯುವುದು ಅಂತ ತೋಚಲಿಲ್ಲ.

ಅತ್ತೆ ಆಗಲೇ ಉಪಾಯ ಹೂಡಿದ್ದರು. "ಕಡ್ಡಿಗೆ ಹತ್ತಿ ಸುತ್ತಿ ಒರೆಸಿಬಿಡೇ. ಚುಕ್ಕೆ ಹೋಯ್ತು, ವಿಷಾನೂ ಹೋಯ್ತು. ಮಗು ಹೆಸರು ಯಾಕೆ ಬರಬೇಕು?"

"ಒರೆಸಿದ್ರೆ, ಚುಕ್ಕೆ ಇರೋದು ಎಲ್ಲೋ ತಪ್ಪಿಸ್ಕೊಂಡಿದೆ ಅಂತಾರೆ ಅತ್ತೆ. ಆಗ ಒಂದು ಡಬ್ಬಿ ಹೊಡೆಯೋ ಕಡೆ ಎರಡು ಡಬ್ಬಿ ಹೊಡೆಸ್ತಾರೆ."

"ಎಲ್ಲರೂ ನನ್ನನ್ನ ಬೈತಾರೆ" ಅಂದಳು ಚೂಟಿ.

"ಬೈತಾರೆ. ನಾನೂ ಬೈತೀನಿ, ಸಂಜೆ ಬಂದ ಮೇಲೆ. ಬೈಸ್ಕೊಂಡ್ರೆ ಯಾರಿಗೂ ಉಸಿರು ಕಟ್ಟಲ್ಲ. ತಿಳೀತಾ?"

ಸಂಜೆ ನಾಲ್ಕನೇ ಮಹಡಿಗೆ ಮೂವರೂ ಹೋದೆವು. ಸೆಕ್ರೆಟರಿಯವರನ್ನು ಕೆಳಗೆ ಕರೆತಂದು, ಪುಸ್ತಕದ ಎರಡು ಪುಟ ತೆರೆದು ತೋರಿಸಿ, ಗ್ಲಾಸು ಕೈಗೆ ಕೊಟ್ಟೆ. ಅವರು ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ ನಿಂತು ಗ್ಲಾಸನ್ನು ಕಣ್ಣಿಗೊತ್ತಿಕೊಂಡರು. "ಏನೂ ಕಾಣಲ್ಲ" ಅಂದರು.

"ಹತ್ತಿರ ಹೋಗ್ಬೇಕು ಸರ್. ಎರಡು ಬೆರಳು."

"ನನಗೇನು ಹುಚ್ಚಾ?"

ಆಗ ಚೂಟಿ ಮುಂದೆ ಬಂದಳು. ನಾನು ಹೇಳಿಕೊಟ್ಟಿರಲಿಲ್ಲ. "ಅಂಕಲ್, ಅದು ನೇಲ್‌ಪಾಲಿಶ್. ನಾನೇ ಹಚ್ಚಿದ್ದು. ಅದು ಒಂದೇನಾ ಬೇರೆ ಬೇರೆನಾ ಅಂತ ತಿಳ್ಕೊಳ್ಳೋಕೆ. ಸಾರಿ" ಅಂದಳು. ಅತ್ತೆ ಪಕ್ಕದಲ್ಲಿ ಸಾಕ್ಷಿಗೆಂಬಂತೆ ಒಂದು ಪಾದ ಮುಂದಿಟ್ಟು ನಿಂತರು.

ಸೆಕ್ರೆಟರಿಯವರ ಮುಖ ಮೊದಲು ಬಿಳಿಚಿತು, ಆಮೇಲೆ ಚುಕ್ಕೆಯ ಬಣ್ಣಕ್ಕೇ ತಿರುಗಿತು. "ಹದಿನಾರು ಮನೆಯವರು ಎರಡು ದಿನದಿಂದ ಚಪ್ಪಲಿ ಕೊಡವಿ ಕೊಡವಿ ಹಾಕ್ಕೊಳ್ತಿದ್ದಾರೆ! ನಿಮ್ಮ ಮಗಳ ಆಟಕ್ಕೆ!"

"ಅವಳ ತಪ್ಪು ಅವಳು ಒಪ್ಕೊಂಡ್ಳು ಸರ್. ಗ್ರೂಪಿನಲ್ಲಿ ನಾನೇ ಬರೀತೀನಿ, ಎಲ್ಲರ ಕ್ಷಮೆ ಕೇಳ್ತೀನಿ. ಈಗ ನೀವು ಔಷಧಿಯವರಿಗೆ ಫೋನ್ ಮಾಡಿ."

"ಫೋನು? ಯಾವ ಫೋನು?"

"ವಿಷದ್ದಲ್ಲ ಅಂತ ತೋರಿಸಿದ್ರೆ ಬೇಡ ಅಂತೀನಿ ಅಂದ್ರಲ್ಲ."

"ಇದು ವಿಷದ್ದಲ್ಲ ಅಂತ ನೀವು ಹೇಳಿಬಿಟ್ರೆ ಆಯ್ತಾ? ನೀವು ನೋಡೋದು ಬಟ್ಟೆ ಕಣಮ್ಮಾ, ಜೇಡ ಅಲ್ಲ. ಇರಲಿ, ಇದಲ್ಲದೇ ಇದ್ರೆ ಇನ್ನೊಂದು ಇರಬಹುದು. ಕರೆಸಿದ್ದಾಗಿದೆ, ಅವನು ಬರ್ತಾನೆ, ಹೊಡೀತಾನೆ. ಭಾನುವಾರ ಬಾಗಿಲು ತೆಗೆದಿರಿ."

ಅಲ್ಲಿಯವರೆಗೂ ನನಗೆ ಗೊತ್ತಾಗಿರಲಿಲ್ಲ. ಜೇಡ ಯಾವುದು ಅಂತ ಕಂಡುಹಿಡಿದರೆ ಮಗಳು ಉಳಿದಳು ಅಂತ ನಂಬಿಕೊಂಡು ಎರಡು ಬೆರಳು ದೂರಕ್ಕೆ ಮುಖ ಒಡ್ಡಿದ್ದೆ. ಈ ಮನುಷ್ಯನಿಗೆ ಜೇಡ ಯಾವುದಾದರೇನು? ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಅವರಿಗೆ ವಿಷ.

"ತೆಗೆಯಲ್ಲ ಸರ್" ಅಂದೆ.

"ಏನು?"

"ಬಾಗಿಲು. ನಮ್ಮನೆದೂ ತೆಗೆಯಲ್ಲ, ನಮ್ಮ ಮಹಡಿಯ ಮೆಟ್ಟಿಲಲ್ಲೂ ಹೊಡೆಯೋಕೆ ಬಿಡಲ್ಲ."

ಭಾನುವಾರ ಹತ್ತಕ್ಕೆ ಮೊದಲೇ ಎರಡನೇ ಮಹಡಿಗೆ ಹತ್ತುವ ಕೊನೇ ಮೆಟ್ಟಿಲ ಮೇಲೆ ಚಾಪೆ ಹಾಸಿಕೊಂಡು ಕೂತೆ. ಹದಿನೈದು ದಿನಕ್ಕೊಮ್ಮೆ ಸಿಗುವ ರಜೆ. ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು. ಬಿದ್ದಿರಲಿ. ಚೂಟಿ ಒಳಗಿದ್ದಳು, ಬಾಗಿಲ ಸಂದಿಗೆ ಅತ್ತೆ ಒದ್ದೆ ಬಟ್ಟೆ ತುರುಕಿದ್ದರು.

ಔಷಧಿಯವನು ಬಂದ. ನಲವತ್ತರ ಆಸುಪಾಸಿನ ಸಣಕಲು ಆಳು, ಬೆನ್ನಿಗೆ ಡಬ್ಬಿ, ಕತ್ತಿಗೆ ಇಳಿಬಿಟ್ಟ ಮಾಸ್ಕ್. ಗಂಟಲು ಗೊಗ್ಗರು. ಬರುವಾಗ ಮೀಟರಿನ ಪೆಟ್ಟಿಗೆಯೊಳಗೆ ಇಣುಕಿದ್ದ ಅಂತ ಕಾಣುತ್ತದೆ, ನಗುತ್ತಲೇ ಹತ್ತಿ ಬಂದ.

"ಇದಕ್ಕಾ ಸಾರ್ ಕರೆಸಿದ್ದು? ಇಂಥದ್ದು ದಿನಕ್ಕೆ ಹತ್ತು ನೋಡ್ತೀನಿ. ಪಾಪದ್ದು. ಅದಕ್ಕೆ ಸಿಂಗಾರ ಮಾಡಿದ್ದ್ಯಾರು?"

"ನಿನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ಕೆಲಸ ನೋಡು" ಅಂದರು ಹಿಂದಿನಿಂದ ಬಂದ ಸೆಕ್ರೆಟರಿ. "ಏಳಮ್ಮಾ, ದಾರಿ ಬಿಡಿ."

"ಬಿಡಲ್ಲ ಸರ್."

ಗದ್ದಲಕ್ಕೆ ಬಾಗಿಲುಗಳು ತೆರೆದುಕೊಂಡವು. ಮೇಲಿನಿಂದ ಒಂದೆರಡು ತಲೆ ಇಣುಕಿದವು. ಔಷಧಿಯವನು ನನ್ನನ್ನೂ ಅವರನ್ನೂ ನೋಡಿ, "ಯಾಕಮ್ಮಾ, ಮನೇಲಿ ಯಾರಿಗಾದ್ರೂ ತೊಂದರೆ ಇದೆಯಾ?" ಅಂದ.

"ಮಗಳಿಗೆ ಉಬ್ಬಸ."

ಅವನ ಹುಬ್ಬು ಗಂಟಾಯಿತು. ಜೇಬಿನಿಂದ ಮಡಚಿದ ಹಾಳೆ ತೆಗೆದ. "ಇಲ್ಲಿ ಹಾಗೇನೂ ಇಲ್ವಲ್ಲ."

ಹಾಳೆಗೆ ಕೈ ಚಾಚಿದೆ. ಅವರ ಕಂಪನಿಯ ಒಪ್ಪಿಗೆ ಪತ್ರ. ಮೇಲೆ ಒಂದೇ ಪ್ರಶ್ನೆ: ಮನೆಯಲ್ಲಿ ಉಬ್ಬಸ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ಹಸುಗೂಸು ಇದ್ದಾರೆಯೇ? ಕೆಳಗೆ ಹದಿನಾರು ಮನೆಯ ನಂಬರು. ಹದಿನಾರಕ್ಕೂ ಎದುರಿಗೆ 'ಇಲ್ಲ', ಅಡಿಯಲ್ಲಿ ಸೆಕ್ರೆಟರಿಯವರ ಸಹಿ.

ನನಗೆ ಇಂಥ ಹಾಳೆ ಹೊಸದಲ್ಲ. ನಮ್ಮ ಲೈನಿನಲ್ಲಿ ಪೀಸು ಮುಟ್ಟದೆಯೇ ಚೆಕ್‌ಶೀಟ್ ತುಂಬುವವರು ಇದ್ದಾರೆ. ನಿಜವಾಗಿ ನೋಡಿ ಬರೆದ ಶೀಟಿನಲ್ಲಿ ಒಂದು ಅಕ್ಷರ ದಪ್ಪ, ಒಂದು ಸಣ್ಣ, ನಡುವೆ ಒಂದು ಹೊಡೆದು ಹಾಕಿ ಬರೆದದ್ದು ಇರುತ್ತದೆ. ಕೂತಲ್ಲೇ ತುಂಬಿದ್ದರಲ್ಲಿ ಮೊದಲನೆಯದು ದುಂಡಗಿರುತ್ತದೆ, ಹೋಗ್ತಾ ಹೋಗ್ತಾ ಸೋಮಾರಿಯಾಗಿ ಬಲಕ್ಕೆ ವಾಲುತ್ತದೆ. ಇದರಲ್ಲಿ ಕೊನೆಯ ನಾಲ್ಕು 'ಇಲ್ಲ' ಬರೇ ಗೆರೆಯಾಗಿತ್ತು.

"ಸರ್, ಇದನ್ನ ಯಾವಾಗ ಬಂದು ಕೇಳಿದ್ರಿ ನಮ್ಮನೇಲಿ?"

"ಅದೆಲ್ಲ ಬರೀ ಕಾಗದ ಪತ್ರ ಅಮ್ಮಾ."

"ಹೋದ ವರ್ಷಾನೂ ಹೀಗೇ ಬರೆದಿದ್ರಾ?"

ಅವರು ಔಷಧಿಯವನ ಕಡೆ ಮುಖ ತಿರುಗಿಸಿದರು. ಹೋದ ವರ್ಷದ ಆ 'ಇಲ್ಲ'ದ ಒಳಗೆ ಮೂರು ದಿನ ಮಾಸ್ಕ್ ಕಟ್ಟಿಕೊಂಡು ಮಲಗಿದ್ದ ನನ್ನ ಮಗಳಿದ್ದಳು.

ಔಷಧಿಯವನ ಜೇಬಿನಿಂದ ನಾನೇ ಪೆನ್ನು ತೆಗೆದುಕೊಂಡೆ. ನಮ್ಮ ಮನೆ ನಂಬರಿನ ಮುಂದಿನ 'ಇಲ್ಲ' ಹೊಡೆದು ಹಾಕಿ, 'ಇದೆ. ಮಗಳು, ಒಂಬತ್ತು ವರ್ಷ, ಉಬ್ಬಸ. ಹೋದ ಸಲ ಹೊಡೆದಾಗ ಆಸ್ಪತ್ರೆ ಸೇರಿದ್ದಳು' ಅಂತ ಬರೆದು ಸಹಿ ಹಾಕಿದೆ.

ಅವನು ಹಾಳೆ ಓದಿದ. ಡಬ್ಬಿಯನ್ನು ಬೆನ್ನಿನಿಂದ ಕೆಳಗಿಳಿಸಿದ. "ಸಾರ್, ಇದನ್ನ ಓದಿದ ಮೇಲೆ ನಾನು ಇಲ್ಲಿ ಹೊಡೆಯೋ ಹಾಗಿಲ್ಲ."

"ಅವರೊಬ್ಬರ ಮನೆ ಬಿಟ್ಟು ಉಳಿದ ಕಡೆ ಹೊಡಿ!"

"ಒಂದೇ ಮೆಟ್ಟಿಲು, ಒಂದೇ ಗಾಳಿ ಸಾರ್. ಎಲ್ಲಿ ಬಿಟ್ಟು ಎಲ್ಲಿ ಹೊಡೀಲಿ?"

"ನಾಳೆ ಯಾರಿಗಾದ್ರೂ ಕಚ್ಚಿದ್ರೆ?" ಸೆಕ್ರೆಟರಿ ನನ್ನ ಕಡೆ ತಿರುಗಿದರು. "ಯಾರು ಹೊಣೆ? ನೀವಾ?"

"ನಾನೇ ಸರ್. ಅದನ್ನೂ ಬರ್ಕೊಡ್ತೀನಿ. ನಾನು ನೋಡಿದ್ದೀನಿ, ಹೊಟ್ಟೆ ಬೆನ್ನು ಎರಡೂ. ನೀವು ಹದಿನಾರು ಮನೆ ಬಗ್ಗೆ ಬರೆದ್ರಲ್ಲ, ಎಷ್ಟು ಮನೆ ನೋಡಿದ್ದೀರಿ?"

ಯಾರೋ ಮೇಲೆ ಕಿಸಕ್ಕನೆ ನಕ್ಕರು. ಮೂರನೇ ಮಹಡಿಯ ಸೊಸೆ ಒಬ್ಬಳು ಸೀರೆಯ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಅರ್ಧ ಮೆಟ್ಟಿಲು ಇಳಿದು ಬಂದಳು. ಗುರುವಾರ ಹೆಬ್ಬೆಟ್ಟೆತ್ತಿದವರಲ್ಲಿ ಅವಳೂ ಒಬ್ಬಳು. ನನ್ನ ಮುಖ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಅಕ್ಕಾ, ನಮ್ಮ ಮಾವನಿಗೆ ಹಾರ್ಟಿಂದು ಇದೆ. ನಮ್ಮದರ ಮುಂದೆ ಏನು ಬರೆದಿದ್ದಾರೆ?"

"ಇಲ್ಲ ಅಂತ."

"ಹೊಡೆದು ಹಾಕಿ ಅಕ್ಕಾ."

"ಆ ಹಾಳೆ ಇತ್ತ ಕೊಡಿ" ಅಂತ ಸೆಕ್ರೆಟರಿ ಕೈ ಚಾಚಿದರು.

ನಾನು ಎದ್ದು ನಿಂತೆ. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡದ ಮೈ, ಮಂಡಿ ಲಟಲಟ ಅಂದಿತು. ಹಾಳೆಯನ್ನು ಎದೆಗೆ ಒತ್ತಿಕೊಂಡು ಅವರಿಗೆ ಬೆನ್ನು ತಿರುಗಿಸಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟೆ.

"ತಾಳಿ ಸರ್. ಇನ್ನೂ ಹದಿನಾಲ್ಕು ಮನೆ ಕೇಳೋದು ಬಾಕಿ ಇದೆ."